ಗಾಯದೊಳಗೆ ನೆಲೆಯೂರುವ ಪಾಚಿ: ಅಪರೂಪದ ಸೋಂಕೊಂದರ ಒಳಹೊರಗು

ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದವರು ಲೆಕ್ಕವಿಲ್ಲದಷ್ಟು ಮಂದಿ. ಮೊಣಕೈ ತರಚುತ್ತದೆ, ಮಂಡಿಯ ಚರ್ಮ ಕಿತ್ತುಬರುತ್ತದೆ, ಕೆಲವು ದಿನ ಉರಿದು ಗಾಯ ಮಾಯುತ್ತದೆ. ಆದರೆ ಪಾಚಿಯ ಬಳಗಕ್ಕೇ ಸೇರಿದ ಪ್ರೊಟೊಥೀಕಾ ಎಂಬ ಸೂಕ್ಷ್ಮಜೀವಿಯೊಂದು ಇಂಥ ಗಾಯದೊಳಗೆ ಉಳಿದುಕೊಂಡು, ಅಲ್ಲೇ ಮರಿ ಮಾಡಿ, ತಿಂಗಳುಗಟ್ಟಲೆ ಆರದ ಹುಣ್ಣಾಗಿ ಕಾಡಬಲ್ಲದು. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳಿಂದ ಸೋಂಕು ತಗಲುವುದು ಎಲ್ಲರಿಗೂ ಗೊತ್ತು. ಪಾಚಿಯಿಂದಲೂ ತಗಲುತ್ತದೆ ಎಂದಾಗ ಹುಬ್ಬೇರುವುದು ಸಹಜ.

ಹೆದರುವ ಮೊದಲು ಪ್ರಮಾಣವನ್ನು ತಿಳಿದುಕೊಳ್ಳಬೇಕು. ಜಗತ್ತಿನ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಈವರೆಗೆ ದಾಖಲಾಗಿರುವ ಮಾನವ ಪ್ರಕರಣಗಳು ಕೆಲವು ನೂರು ಮಾತ್ರ. ಇಷ್ಟು ವಿರಳವಾದುದರ ಬಗ್ಗೆ ತಿಳಿದು ಪ್ರಯೋಜನವೇನು ಎಂದು ಕೇಳಬಹುದು. ಈ ಸೋಂಕಿನಲ್ಲಿ ರೋಗಾಣುವಷ್ಟೇ ಅಲ್ಲ, ಅದನ್ನು ಬೇರೆ ಏನೋ ಎಂದು ಭಾವಿಸಿ ತಿಂಗಳುಗಟ್ಟಲೆ ಕೊಡುವ ತಪ್ಪು ಚಿಕಿತ್ಸೆಯೂ ಚರ್ಮಕ್ಕಾಗುವ ಹಾನಿಯನ್ನು ಹೆಚ್ಚಿಸುತ್ತದೆ. ಹೆಸರು ಕೇಳಿದ್ದರೆ ಅನುಮಾನವಾದರೂ ಹುಟ್ಟೀತು.

ಯಾವ ಪಾಚಿ, ಯಾವುದು ಅಲ್ಲ

ನಿಂತ ನೀರಿನ ಮೇಲೆ ಹಸಿರಾಗಿ ಹರಡಿರುವುದನ್ನೆಲ್ಲ ನಾವು ಪಾಚಿ ಎನ್ನುತ್ತೇವೆ. ವಿಜ್ಞಾನದ ಕಣ್ಣಿನಲ್ಲಿ ಅದು ಒಂದೇ ಕುಲವಲ್ಲ. ಸಮುದ್ರದಲ್ಲಿ ಹತ್ತಾರು ಮೀಟರ್ ಉದ್ದ ಬೆಳೆಯುವ ಕಂದು ಪಾಚಿಯೂ ಪಾಚಿಯೇ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಒಂಟಿ ಜೀವಕೋಶವೂ ಪಾಚಿಯೇ. ಗಾಯಕ್ಕೆ ಸಂಬಂಧಿಸಿದ್ದು ಎರಡನೆಯದು, ಅಂದರೆ ಹಸಿರು ಪಾಚಿಗಳ ಗುಂಪಿನ ಏಕಕೋಶ ಜೀವಿಗಳು.

ಕೆರೆಗಳ ನೀರು ಒಮ್ಮೆಲೇ ಹಸಿರು ಬಣ್ಣಕ್ಕೆ ತಿರುಗಿ, ಅದನ್ನು ಕುಡಿದ ದನ, ನಾಯಿಗಳು ಸಾಯುವ ಸುದ್ದಿ ಆಗಾಗ ಬರುತ್ತದೆ. ಅದಕ್ಕೆ ಕಾರಣ ನೀಲಿಹಸಿರು ಪಾಚಿ ಎಂದು ಬರೆಯುವ ರೂಢಿಯಿದೆ. ಅವು ಸಯನೋಬ್ಯಾಕ್ಟೀರಿಯಾಗಳು, ಹೆಸರೇ ಹೇಳುವಂತೆ ಬ್ಯಾಕ್ಟೀರಿಯಾಗಳು. ಅವುಗಳ ವಿಷದಿಂದ ಚರ್ಮ ಕೆಂಪಾಗಿ ತುರಿಸಬಹುದು, ಹೊಟ್ಟೆ ಕೆಡಬಹುದು, ಯಕೃತ್ತಿಗೆ ಪೆಟ್ಟಾಗಬಹುದು. ಅಲ್ಲಿ ಕೆಡುಕು ಮಾಡುವುದು ವಿಷ. ಇಲ್ಲಿ ಹೇಳಹೊರಟಿರುವುದು ಸೋಂಕು, ಅಂದರೆ ಜೀವಂತ ಕೋಶಗಳು ದೇಹದ ಒಳಗೆ ಸೇರಿ ಸಂಖ್ಯೆ ಹೆಚ್ಚಿಸಿಕೊಳ್ಳುವುದು. ಈ ಎರಡನ್ನೂ ಬೆರೆಸಿದರೆ ಗೊಂದಲ ಖಚಿತ.

ಮನುಷ್ಯರಲ್ಲಿ ಸೋಂಕು ಮಾಡಿದ ಪಾಚಿಗಳಲ್ಲಿ ಬಹುಪಾಲು ಪ್ರೊಟೊಥೀಕಾ ಎಂಬ ಒಂದೇ ಪಂಗಡಕ್ಕೆ ಸೇರಿವೆ. ಅದು ತರುವ ಕಾಯಿಲೆಗೆ ಪ್ರೊಟೊಥೀಕೋಸಿಸ್ ಎಂದು ಹೆಸರು. ಪ್ರೊಟೊಥೀಕಾಗಳಲ್ಲೂ ವಿಕರ್‌ಹ್ಯಾಮಿ ಎಂಬ ಪ್ರಭೇದವೇ ಮಾನವ ಪ್ರಕರಣಗಳಲ್ಲಿ ಹೆಚ್ಚಾಗಿ ಸಿಗುವುದು. ನಿಜವಾಗಿ ಹಸಿರಾಗಿರುವ ಪಾಚಿಗಳಿಂದ ಆದ ಸೋಂಕುಗಳು ಬೆರಳೆಣಿಕೆಯಷ್ಟು. ಅವುಗಳ ಕಥೆ ಮುಂದೆ ಬರುತ್ತದೆ.

ಹಸಿರನ್ನು ಬಿಟ್ಟುಕೊಟ್ಟ ಪಾಚಿ

ಪ್ರೊಟೊಥೀಕಾದ ವಿಚಿತ್ರವೆಂದರೆ ಅದು ಹಸಿರಾಗಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದರೆ ಕೆನೆಬಣ್ಣದ, ಮೆತ್ತಗಿನ ಚುಕ್ಕೆಗಳಾಗಿ ಕಾಣುತ್ತದೆ. ಪತ್ರಹರಿತ್ತು ಇಲ್ಲ, ಬಿಸಿಲಿನಿಂದ ಆಹಾರ ತಯಾರಿಸುವ ದ್ಯುತಿಸಂಶ್ಲೇಷಣೆ ಇಲ್ಲ. ಹಾಗಿದ್ದ ಮೇಲೆ ಪಾಚಿ ಎನ್ನುವುದೇಕೆ?

ಅದರ ವಂಶವೃಕ್ಷ ಹಾಗೆ ಹೇಳುತ್ತದೆ. ವಂಶವಾಹಿಗಳನ್ನು ಹೋಲಿಸಿದಾಗ ಪ್ರೊಟೊಥೀಕಾದ ಹತ್ತಿರದ ನೆಂಟರು ಕ್ಲೋರೆಲ್ಲಾದಂಥ ಹಸಿರು ಪಾಚಿಗಳೇ ಎಂದು ತಿಳಿದುಬರುತ್ತದೆ. ಇದರ ಪೂರ್ವಜರೂ ಒಂದು ಕಾಲಕ್ಕೆ ಬಿಸಿಲನ್ನು ನಂಬಿ ಬದುಕಿದವರೇ. ಮರದಿಂದ ಸೋರುವ ರಸ, ಕೊಳಚೆ, ಸಗಣಿ, ಕೊಳೆತ ಸಸ್ಯಭಾಗಗಳಂಥ ಜಾಗಗಳಲ್ಲಿ ಸಿದ್ಧ ಆಹಾರ ಧಾರಾಳವಾಗಿ ಸಿಗುತ್ತದೆ. ಅಂಥ ಕಡೆ ಬದುಕುತ್ತ ಬದುಕುತ್ತ ಈ ವಂಶ ತಾನೇ ಆಹಾರ ತಯಾರಿಸುವ ಕೆಲಸವನ್ನು ಕೈಬಿಟ್ಟಿತು. ಈ ಗುಂಪಿನಲ್ಲಿ ಹಸಿರು ಕಳೆದುಕೊಳ್ಳುವುದು ಒಮ್ಮೆಯಲ್ಲ, ಬೇರೆ ಬೇರೆ ಕವಲುಗಳಲ್ಲಿ ಪ್ರತ್ಯೇಕವಾಗಿ ಹಲವು ಸಲ ನಡೆದಿದೆ ಎನ್ನುವುದಕ್ಕೂ ವಂಶವಾಹಿಗಳಲ್ಲಿ ಪುರಾವೆಗಳಿವೆ.

ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಹಸಿರು ಹೋದರೂ ಹಸಿರು ಇದ್ದ ಕೋಣೆ ಹೋಗಿಲ್ಲ. ಸಸ್ಯಕೋಶಗಳಲ್ಲಿ ದ್ಯುತಿಸಂಶ್ಲೇಷಣೆ ನಡೆಯುವ ಭಾಗಕ್ಕೆ ಕ್ಲೋರೋಪ್ಲಾಸ್ಟ್ ಎನ್ನುತ್ತಾರೆ. ಪ್ರೊಟೊಥೀಕಾದಲ್ಲಿ ಅದರ ಅವಶೇಷ ಇಂದಿಗೂ ಉಳಿದಿದೆ, ತನ್ನದೇ ಪುಟ್ಟ ಡಿಎನ್ಎ ಉಂಗುರದ ಸಮೇತ. ಒಲೆ ಆರಿಹೋದ ಅಡುಗೆಮನೆಯನ್ನು ಊಹಿಸಿಕೊಳ್ಳಿ: ಬೇಯಿಸುವುದು ನಿಂತಿದೆ, ಆದರೆ ರುಬ್ಬುವುದು, ಹೆಚ್ಚುವುದು, ದಿನಸಿ ಇಡುವುದು ನಡೆದೇ ಇದೆ. ಕೊಬ್ಬಿನಾಮ್ಲ ಮತ್ತು ಕೆಲವು ಅಮೈನೋ ಆಮ್ಲಗಳ ತಯಾರಿಯಂಥ ಕೆಲಸಗಳಿಗೆ ಆ ಕೋಣೆ ಇನ್ನೂ ಬೇಕು, ಆದ್ದರಿಂದ ಅದನ್ನು ಕೆಡವಿಲ್ಲ. ಮಲೇರಿಯಾ ತರುವ ಪರಾವಲಂಬಿಯ ಕೋಶದಲ್ಲೂ ಪಾಚಿ ಮೂಲದ ಇಂಥದೇ ಅವಶೇಷವೊಂದಿದೆ. ಬಿಸಿಲು ತಿಂದು ಬದುಕಿದ ಪೂರ್ವಜರ ಸಂತತಿ ಪ್ರಾಣಿಗಳ ಮೈಯಲ್ಲಿ ಬದುಕಲು ಕಲಿತದ್ದಕ್ಕೆ ಪ್ರೊಟೊಥೀಕಾವೊಂದೇ ಉದಾಹರಣೆಯಲ್ಲ.

ಇದು ಮರಿ ಮಾಡುವ ಬಗೆಯೂ ವಿಶಿಷ್ಟ. ದುಂಡಗಿನ ಕೋಶದ ಒಳಗೇ ಅದರ ಸಾರ ಹಲವು ಹೋಳಾಗಿ, ಒಂದೊಂದು ಹೋಳೂ ಮರಿಕೋಶವಾಗುತ್ತದೆ. ತಾಯಿಕೋಶದ ಗೋಡೆ ಒಡೆದಾಗ ಮರಿಗಳು ಹೊರಬಿದ್ದು, ಬೆಳೆದು, ಮತ್ತೆ ಹಾಗೆಯೇ ಒಡೆಯುತ್ತವೆ. ಕೋಶಗಳ ಅಗಲ ಸುಮಾರು 3ರಿಂದ 30 ಮೈಕ್ರೋಮೀಟರ್. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಯೀಸ್ಟ್‌ನಂತೆ ಮೊಗ್ಗೊಡೆಯುವುದು, ಬೂಸ್ಟಿನಂತೆ ಎಳೆ ಬಿಡುವುದು ಇದರಲ್ಲಿಲ್ಲ. ಈ ವಿವರವನ್ನು ನೆನಪಿಟ್ಟುಕೊಳ್ಳಿ, ರೋಗ ಪತ್ತೆಯ ವಿಷಯ ಬಂದಾಗ ಬೇಕಾಗುತ್ತದೆ.

ಮರದ ರಸದಿಂದ ರೈತನ ಪಾದಕ್ಕೆ

1894ರಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಕ್ರ್ಯೂಗರ್ ಮರಗಳಿಂದ ಸೋರುವ ರಸದಲ್ಲಿ ಈ ಜೀವಿಯನ್ನು ಕಂಡು ವಿವರಿಸಿದರು. ಬಣ್ಣವಿಲ್ಲ, ಯೀಸ್ಟ್‌ನಂತೆ ಕಾಣುತ್ತದೆ, ಹಾಗಾಗಿ ಅದು ಶಿಲೀಂಧ್ರವೆಂದೇ ಭಾವಿಸಿದರು. ಸುಮಾರು ಎರಡು ದಶಕಗಳ ನಂತರ, 1916ರಲ್ಲಿ, ಪಾಚಿತಜ್ಞ ಜಿ. ಎಸ್. ವೆಸ್ಟ್ ಇದು ಸಂತಾನ ಬೆಳೆಸುವ ರೀತಿ ಕ್ಲೋರೆಲ್ಲಾವನ್ನು ಹೋಲುತ್ತದೆಂದು ಗಮನಿಸಿ ಪಾಚಿಗಳ ಸಾಲಿಗೆ ಸೇರಿಸಿದರು. ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದು, ಕ್ಲೋರೋಪ್ಲಾಸ್ಟಿನ ಅವಶೇಷ ಕಣ್ಣಿಗೆ ಬಿದ್ದ ಮೇಲೆಯೇ ಅನುಮಾನ ತೀರಿದ್ದು.

1952ರಲ್ಲಿ ಜರ್ಮನಿಯಲ್ಲೇ ಹಸುವಿನ ಕೆಚ್ಚಲು ಬಾವಿಗೆ ಪ್ರೊಟೊಥೀಕಾ ಕಾರಣವಾಗಿರುವುದು ವರದಿಯಾಯಿತು. ಹೈನು ಸಾಕಣೆಯಲ್ಲಿ ಅದು ಇಂದಿಗೂ ತಲೆನೋವು. ಔಷಧಕ್ಕೆ ಬಗ್ಗದ ಕಾರಣ ಸೋಂಕಿತ ಹಸುವನ್ನು ಹಿಂಡಿನಿಂದ ಬೇರ್ಪಡಿಸುವುದೇ ಬಹುತೇಕ ಕಡೆ ಉಳಿಯುವ ದಾರಿ.

ಮನುಷ್ಯನಲ್ಲಿ ಮೊದಲ ಪ್ರಕರಣ ಪ್ರಕಟವಾದದ್ದು 1964ರಲ್ಲಿ. ರೋಗಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಭತ್ತದ ರೈತ, ಸೋಂಕು ಪಾದದ ಚರ್ಮದಲ್ಲಿತ್ತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರ ಪಾದ ಇಂಥ ಜೀವಿಗಳಿಗೆ ಎಷ್ಟು ತೆರೆದಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಬಳಿಕ ಅಂಟಾರ್ಕ್ಟಿಕಾ ಬಿಟ್ಟು ಉಳಿದೆಲ್ಲ ಖಂಡಗಳಿಂದ ಪ್ರಕರಣಗಳು ವರದಿಯಾಗಿವೆ. ಬಿಸಿಯೂ ತೇವವೂ ಇರುವ ಪ್ರದೇಶಗಳ ಪಾಲು ಅದರಲ್ಲಿ ದೊಡ್ಡದು.

ಚರ್ಮ ಒಡೆದಾಗ

ಗಟ್ಟಿ ಚರ್ಮವಿದ್ದರೆ ಪ್ರೊಟೊಥೀಕಾ ಏನೂ ಮಾಡಲಾರದು. ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಇರುವಂತೆ ಅಂಗಾಂಶವನ್ನು ಕರಗಿಸಿಕೊಂಡು ನುಗ್ಗುವ ಉಗ್ರ ಸಾಮರ್ಥ್ಯ ಇದಕ್ಕಿಲ್ಲ. ಯಾರೋ ಬಾಗಿಲು ತೆರೆದುಕೊಡಬೇಕು. ಮುಳ್ಳು ಚುಚ್ಚುವುದು, ತರಚು, ಕೀಟದ ಕಡಿತ, ಶಸ್ತ್ರಚಿಕಿತ್ಸೆಯ ಗಾಯ, ಚುಚ್ಚುಮದ್ದು ಕೊಟ್ಟ ಜಾಗ, ದೇಹದೊಳಗೆ ಇಳಿಸಿದ ನಳಿಕೆ, ಹೀಗೆ ದಾರಿಗಳು ಹಲವು. ಮೂತ್ರಪಿಂಡ ಕೈಕೊಟ್ಟವರಿಗೆ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡುವ ನಳಿಕೆಯ ಜೊತೆ ಒಳಸೇರಿದ ಪ್ರಕರಣಗಳೂ ಇವೆ. ಎಷ್ಟೋ ಸಲ ಗಾಯ ತೀರಾ ಸಣ್ಣದು, ರೋಗಿಗೆ ಅದು ನೆನಪೇ ಇರುವುದಿಲ್ಲ.

ಒಳಸೇರಿದ ಕೋಶಗಳನ್ನು ನಮ್ಮ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್ ಎಂಬ ಬಗೆಯವು, ನುಂಗಿ ಕೊಲ್ಲಲು ನೋಡುತ್ತವೆ. ಬಹುತೇಕ ಎಲ್ಲರಲ್ಲೂ ಕಥೆ ಅಲ್ಲಿಗೆ ಮುಗಿಯುತ್ತದೆ. ಪ್ರೊಟೊಥೀಕಾ ಮಣ್ಣು, ನೀರು, ಕೊಳಚೆ ಎಲ್ಲೆಡೆಯೂ ಇದ್ದು, ನಾವು ಆಗಾಗ ಅದನ್ನು ಮುಟ್ಟುತ್ತಿದ್ದರೂ ಕಾಯಿಲೆ ಇಷ್ಟು ವಿರಳವಾಗಿರುವುದಕ್ಕೆ ಇದೇ ಕಾರಣ. ಕೆಲವರಲ್ಲಿ ಮಾತ್ರ ಈ ಕೊಲ್ಲುವಿಕೆ ಪೂರ್ಣವಾಗುವುದಿಲ್ಲ. ಉಳಿದ ಕೋಶಗಳು ನಿಧಾನವಾಗಿ ಹೆಚ್ಚುತ್ತವೆ. ದೇಹ ಅವುಗಳ ಸುತ್ತ ರಕ್ಷಣಾಕೋಶಗಳ ಗುಂಪು ಕಟ್ಟುತ್ತದೆ. ಇಂಥ ಗುಂಪಿಗೆ ಗ್ರ್ಯಾನುಲೋಮ ಎನ್ನುತ್ತಾರೆ. ಕ್ಷಯ, ಕುಷ್ಠದಂಥ ನಿಧಾನಗತಿಯ ಕಾಯಿಲೆಗಳಲ್ಲೂ ದೇಹ ಮಾಡುವುದು ಇದನ್ನೇ. ಚರ್ಮದ ಮೇಲೆ ಗಂಟಾಗಿ, ದಪ್ಪನೆಯ ಕೆಂಪು ಪಟ್ಟಿಯಾಗಿ ನಮಗೆ ಕಾಣುವುದು ಈ ಜಟಾಪಟಿಯ ಹೊರರೂಪ.

ಎಲ್ಲವೂ ನಿಧಾನ. ಗಾಯವಾಗಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಲಕ್ಷಣ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಗಾಯವನ್ನೂ ಹುಣ್ಣನ್ನೂ ಜೋಡಿಸಿ ಯೋಚಿಸುವವರು ಕಡಿಮೆ.

ಮೂರು ರೂಪಗಳು

ದಾಖಲಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚರ್ಮದವು. ಕೈಕಾಲು, ಮುಖದಂಥ ಬಟ್ಟೆ ಮುಚ್ಚದ ಭಾಗಗಳೇ ಹೆಚ್ಚಾಗಿ ಸಿಗುತ್ತವೆ. ಕೆಂಪು ಬೊಕ್ಕೆ, ನೀರುಗುಳ್ಳೆ, ಗಂಟು, ನರುಲಿಯಂಥ ಒರಟು ಉಬ್ಬು, ಹಕ್ಕಳೆಗಟ್ಟಿದ ಹುಣ್ಣು, ಕೀವು, ಇವುಗಳಲ್ಲಿ ಯಾವುದು ಬೇಕಾದರೂ ಕಾಣಬಹುದು. ಇದೇ ಪ್ರೊಟೊಥೀಕೋಸಿಸ್ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಗುರುತೂ ಇಲ್ಲ. ನೋವು ಸಾಮಾನ್ಯವಾಗಿ ಅಷ್ಟಿರುವುದಿಲ್ಲ, ಜ್ವರವೂ ಇರುವುದಿಲ್ಲ. ಹಾಗಾಗಿ ರೋಗಿಯೂ ತಡಮಾಡುತ್ತಾನೆ. ತಾನಾಗಿ ವಾಸಿಯಾಗುವುದು ಅಪರೂಪ, ವರ್ಷಗಟ್ಟಲೆ ಹಾಗೇ ಉಳಿದ ಉದಾಹರಣೆಗಳಿವೆ.

ಎರಡನೆಯದು ಮೊಣಕೈಯದು. ಮೊಣಕೈಯ ಚೂಪು ಮೂಳೆಯ ಮೇಲೆ, ಚರ್ಮದಡಿಯಲ್ಲಿ, ತಿಕ್ಕಾಟ ತಪ್ಪಿಸಲೆಂದು ತೆಳುವಾದ ದ್ರವಚೀಲವೊಂದಿರುತ್ತದೆ. ಅಲ್ಲಿಗೆ ಪೆಟ್ಟು ಬಿದ್ದು ಚರ್ಮ ತರಚಿದಾಗ ಪ್ರೊಟೊಥೀಕಾ ಆ ಚೀಲದಲ್ಲಿ ನೆಲೆಸಿ, ವಾರಗಳ ನಂತರ ಮೊಣಕೈ ಊದಿಕೊಳ್ಳುತ್ತದೆ. ಈ ರೂಪ ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲೂ ಕಾಣಿಸಿಕೊಳ್ಳುತ್ತದೆ. ದೇಹದಲ್ಲಿ ಇಷ್ಟೊಂದು ಜಾಗವಿರುವಾಗ ಈ ಪಾಚಿ ಮೊಣಕೈಯ ಪುಟ್ಟ ಚೀಲವನ್ನೇ ಪದೇ ಪದೇ ಆರಿಸಿಕೊಳ್ಳುವುದು ಯಾರನ್ನಾದರೂ ಯೋಚನೆಗೆ ಹಚ್ಚುವ ಸಂಗತಿ. ಕೆಳಗೆ ಬಿದ್ದಾಗ, ಊರಿದಾಗ, ಒರಗಿದಾಗ ಮೊದಲು ಪೆಟ್ಟು ತಿನ್ನುವ ಮೂಳೆ ಅದು, ಮತ್ತು ಅಲ್ಲಿ ಮೂಳೆಗೂ ಹೊರಗಿನ ಮಣ್ಣಿಗೂ ನಡುವೆ ಇರುವುದು ತೆಳು ಚರ್ಮ ಮಾತ್ರ.

ಮೂರನೆಯದು ದೇಹವಿಡೀ ಹರಡುವ ರೂಪ. ರಕ್ತ, ಕರುಳು, ಯಕೃತ್ತು, ಹೊಟ್ಟೆಯ ಒಳಪೊರೆಗಳಲ್ಲಿ ಸೋಂಕು ಕಾಣಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರಂಥ ತೀರಾ ಕುಗ್ಗಿದ ನಿರೋಧಕ ಶಕ್ತಿಯವರಲ್ಲಿ ಇದು ಬರುತ್ತದೆ. ಅತ್ಯಂತ ವಿರಳ, ಆದರೆ ಜೀವಕ್ಕೆ ಅಪಾಯ ತರುವ ರೂಪ ಇದೇ.

ಯಾರಿಗೆ ಹೆಚ್ಚು ಅಪಾಯ

ಮಧುಮೇಹ, ದೀರ್ಘಕಾಲದ ಸ್ಟಿರಾಯ್ಡ್ ಸೇವನೆ, ಕ್ಯಾನ್ಸರ್, ಕಸಿಯ ನಂತರದ ಔಷಧಗಳು, ಇಳಿವಯಸ್ಸು. ಇವುಗಳ ಜೊತೆಗೆ ಜನ ಅಷ್ಟಾಗಿ ಲಕ್ಷ್ಯ ಕೊಡದ ಇನ್ನೊಂದಿದೆ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಚ್ಚುವ ಸ್ಟಿರಾಯ್ಡ್ ಮುಲಾಮು, ಅಥವಾ ಅಲ್ಲಿಗೇ ಕೊಡಿಸುವ ಸ್ಟಿರಾಯ್ಡ್ ಚುಚ್ಚುಮದ್ದು. ಅದು ಇಡೀ ದೇಹದ ರಕ್ಷಣೆಯನ್ನು ಕುಗ್ಗಿಸದಿದ್ದರೂ ಆ ಅಂಗೈಯಗಲ ಜಾಗದ ಕಾವಲನ್ನು ಸಡಿಲಿಸುತ್ತದೆ.

ಈ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ಜೊತೆ ಕೂತವರು, ಬಟ್ಟೆ ಒಗೆದವರು, ಶುಶ್ರೂಷೆ ಮಾಡಿದವರು ಹೆದರಬೇಕಾದ್ದಿಲ್ಲ. ನಾಯಿ, ಬೆಕ್ಕುಗಳಿಗೂ ಪ್ರೊಟೊಥೀಕೋಸಿಸ್ ಬರುತ್ತದೆ. ನಾಯಿಗಳಲ್ಲಿ ಅದು ಕರುಳಿನಿಂದ ಶುರುವಾಗಿ ಕಣ್ಣಿಗೆ ಹರಡಿ ಕುರುಡು ಮಾಡುವಷ್ಟು ಕ್ರೂರ. ಆದರೆ ಅವೂ ನಮ್ಮಂತೆಯೇ ಪರಿಸರದಿಂದ ಅಂಟಿಸಿಕೊಂಡವು.

ಪತ್ತೆ ಏಕೆ ತಪ್ಪುತ್ತದೆ

ಈ ಕಾಯಿಲೆಯ ತಿರುಳು ಇರುವುದು ಇಲ್ಲಿ. ರೋಗಿ ವೈದ್ಯರ ಬಳಿ ಬರುವಾಗ ಮುಂಗೈ ಮೇಲೆ ಕೆಂಪಗೆ ದಪ್ಪವಾದ ಪಟ್ಟಿ ಇರುತ್ತದೆ ಎಂದುಕೊಳ್ಳೋಣ. ಮೊದಲ ಊಹೆ ಇಸುಬು ಅಥವಾ ಅಲರ್ಜಿ. ಸ್ಟಿರಾಯ್ಡ್ ಮುಲಾಮು ಬರೆದುಕೊಡುತ್ತಾರೆ. ಉರಿ, ಕೆಂಪು ಕೆಲವು ದಿನ ತಗ್ಗುತ್ತದೆ, ಏಕೆಂದರೆ ಕೆಂಪಾಗುವುದೇ ದೇಹದ ಪ್ರತಿರೋಧದಿಂದ, ಸ್ಟಿರಾಯ್ಡ್ ಅಡಗಿಸುವುದೂ ಅದನ್ನೇ. ರೋಗಿಗೆ ಗುಣವಾದಂತೆ ತೋರುತ್ತದೆ, ಒಳಗೆ ಪಾಚಿ ಮೊದಲಿಗಿಂತ ನೆಮ್ಮದಿಯಾಗಿ ಬೆಳೆಯುತ್ತದೆ. ಪಟ್ಟಿ ಹಿಗ್ಗಿದಾಗ ಮುಲಾಮು ಬದಲಾಗುತ್ತದೆ. ಮುಂದಿನ ಊಹೆ ಬ್ಯಾಕ್ಟೀರಿಯಾ, ಆಂಟಿಬಯೋಟಿಕ್ ಶುರುವಾಗುತ್ತದೆ, ಫಲ ಕಾಣುವುದಿಲ್ಲ. ಆಮೇಲೆ ಚರ್ಮದ ಕ್ಷಯವೋ ಶಿಲೀಂಧ್ರವೋ ಎಂಬ ಅನುಮಾನ. ಇದರಲ್ಲಿ ವೈದ್ಯರನ್ನು ದೂರಿ ಫಲವಿಲ್ಲ. ವೃತ್ತಿಜೀವನವಿಡೀ ಇಂಥ ಒಂದು ಪ್ರಕರಣವನ್ನೂ ನೋಡದ ಚರ್ಮವೈದ್ಯರೇ ಹೆಚ್ಚು, ಮೊದಲು ಸಾಮಾನ್ಯ ಕಾಯಿಲೆಗಳನ್ನೇ ಯೋಚಿಸುವುದು ಸರಿಯಾದ ಪದ್ಧತಿಯೂ ಹೌದು.

ಒಂದು ಹಂತದಲ್ಲಿ ಬಯಾಪ್ಸಿ ಆಗುತ್ತದೆ, ಅಂದರೆ ಹುಣ್ಣಿನಿಂದ ಚರ್ಮದ ಸಣ್ಣ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲೂ ಎಡವಲು ಜಾಗಗಳಿವೆ. ಪ್ರಯೋಗಾಲಯದ ದಿನನಿತ್ಯದ ಬಣ್ಣದಲ್ಲಿ ಅದ್ದಿದಾಗ ಪ್ರೊಟೊಥೀಕಾ ಮಸುಕಾಗಿ, ಖಾಲಿ ಗುಳ್ಳೆಗಳಂತೆ ಮಾತ್ರ ಕಾಣಬಹುದು. ಶಿಲೀಂಧ್ರಗಳಿಗೆಂದೇ ಬಳಸುವ ಪಿಎಎಸ್ ಅಥವಾ ಬೆಳ್ಳಿಯ ಬಣ್ಣ ಹಾಕಿದರೆ ಕೋಶಭಿತ್ತಿ ಎದ್ದು ಕಾಣುತ್ತದೆ. ಆಗ ಮಧ್ಯದಲ್ಲೊಂದು ಮರಿಕೋಶ, ಸುತ್ತ ದಳಗಳಂತೆ ಜೋಡಿಸಿದ ಹಲವು ಮರಿಕೋಶಗಳು ಇರುವ ದುಂಡು ರಚನೆ ಸಿಕ್ಕರೆ ಅನುಮಾನ ಬಲವಾಗುತ್ತದೆ. ಮೊದಲು ಹೇಳಿದ ವಿವರ ಕೆಲಸಕ್ಕೆ ಬರುವುದು ಇಲ್ಲೇ: ಯೀಸ್ಟ್ ಆಗಿದ್ದರೆ ಪಕ್ಕದಲ್ಲಿ ಮೊಗ್ಗಿರಬೇಕಿತ್ತು, ಬೂಸ್ಟಾಗಿದ್ದರೆ ಎಳೆಯಿರಬೇಕಿತ್ತು. ಒಳಗೇ ಹೋಳಾಗಿರುವ ಕೋಶ ಎರಡೂ ಅಲ್ಲ.

ಚರ್ಮದ ಚೂರನ್ನು ಬೆಳೆಸಿ ನೋಡುವ ಪರೀಕ್ಷೆಯಲ್ಲೂ ಒಂದು ಗುಂಡಿಯಿದೆ. ಶಿಲೀಂಧ್ರಗಳಿಗಾಗಿ ಬಳಸುವ ಸ್ಯಾಬುರೋ ಮಾಧ್ಯಮದಲ್ಲಿ ಪ್ರೊಟೊಥೀಕಾ ಎರಡು ಮೂರು ದಿನಗಳಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಬೇಡದ ಬೂಸ್ಟುಗಳನ್ನು ತಡೆಯಲು ಆ ಮಾಧ್ಯಮಕ್ಕೆ ಸೈಕ್ಲೋಹೆಕ್ಸಿಮೈಡ್ ಎಂಬ ರಾಸಾಯನಿಕ ಬೆರೆಸುವ ರೂಢಿ ಹಲವೆಡೆ ಇದೆ. ಅದು ಪ್ರೊಟೊಥೀಕಾವನ್ನೂ ತಡೆದುಬಿಡುತ್ತದೆ. ತಟ್ಟೆ ಖಾಲಿ ಉಳಿದು ವರದಿಯಲ್ಲಿ ಏನೂ ಬೆಳೆದಿಲ್ಲ ಎಂದು ಬರುತ್ತದೆ. ಬೆಳೆದರೂ ಕೆನೆಬಣ್ಣದ ಮೆತ್ತನೆಯ ಚುಕ್ಕೆಗಳನ್ನು ನೋಡಿ ಕ್ಯಾಂಡಿಡಾ ಯೀಸ್ಟ್ ಎಂದು ಬದಿಗಿಡುವ ಸಾಧ್ಯತೆಯಿದೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ನೋಡುವ ಐದು ನಿಮಿಷದ ತಾಳ್ಮೆ ಇಲ್ಲಿ ತಿಂಗಳುಗಳನ್ನು ಉಳಿಸುತ್ತದೆ. ಕೋಶದ ಪ್ರೊಟೀನುಗಳನ್ನು ಅಳೆದು ಜೀವಿಯನ್ನು ಗುರುತಿಸುವ ಯಂತ್ರಗಳು ಮತ್ತು ಡಿಎನ್ಎ ಓದುವ ವಿಧಾನಗಳು ಈಗ ಬಂದಿರುವುದರಿಂದ ಗುರುತು ಖಚಿತಪಡಿಸುವುದು ಹಿಂದಿನಷ್ಟು ಕಷ್ಟವಲ್ಲ. ಅಂಥ ಯಂತ್ರದ ನೆನಪಿನಲ್ಲಿ ಪ್ರೊಟೊಥೀಕಾದ ಮಾದರಿ ಇದ್ದರೆ ಮಾತ್ರ ಅದು ಹೆಸರು ಹೇಳುತ್ತದೆ ಎನ್ನುವುದು ಬೇರೆ ಮಾತು.

ನಿಜವಾದ ಹಸಿರು ಪಾಚಿಯೂ ಗಾಯದಲ್ಲಿ

ಪ್ರೊಟೊಥೀಕಾ ಹಸಿರು ಬಿಟ್ಟ ಪಾಚಿ. ಹಸಿರಾಗಿಯೇ ಇರುವ ಪಾಚಿ ಬೆಳಕಿಲ್ಲದ ಅಂಗಾಂಶದೊಳಗೆ ಬದುಕೀತೇ ಎಂಬ ಪ್ರಶ್ನೆಗೆ ಉತ್ತರ 1983ರಲ್ಲಿ ಪ್ರಕಟವಾಯಿತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮಹಿಳೆಯೊಬ್ಬರ ಪಾದದ ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಮಾಯುತ್ತಿರುವಾಗ ನದಿಯ ನೀರಿಗೆ ಒಡ್ಡಿಕೊಂಡು, ಅಲ್ಲಿ ಕ್ಲೋರೆಲ್ಲಾ ಬಗೆಯ ಹಸಿರು ಪಾಚಿ ನೆಲೆಸಿತ್ತು. ಕೆಟ್ಟ ಅಂಗಾಂಶವನ್ನು ತೆಗೆದು ಶುಚಿಗೊಳಿಸುವುದೇ ಅಲ್ಲಿ ಮುಖ್ಯ ಚಿಕಿತ್ಸೆಯಾಯಿತು. 2014ರಲ್ಲಿ ಆಸ್ಟ್ರೇಲಿಯಾದಿಂದ ಇಂಥದೇ ಇನ್ನೊಂದು ವರದಿ ಬಂತು. ಅಲ್ಲಿ ಮಂಡಿಯ ಗಾಯಕ್ಕೆ ಸಿಹಿನೀರು ತಾಗಿತ್ತು. 2015ರಲ್ಲಿ, ಸಿಹಿನೀರಿನಲ್ಲಿ ಆದ ಗಾಯವೊಂದರಲ್ಲಿ ಡೆಸ್ಮೋಡೆಸ್ಮಸ್ ಎಂಬ ಮತ್ತೊಂದು ಹಸಿರು ಪಾಚಿ ಸಿಕ್ಕಿದ್ದು ಅಮೆರಿಕದಲ್ಲಿ ವರದಿಯಾಯಿತು. ಕುರಿ, ದನಗಳಲ್ಲಿ ಕ್ಲೋರೆಲ್ಲಾ ಯಕೃತ್ತನ್ನೂ ದುಗ್ಧರಸ ಗ್ರಂಥಿಗಳನ್ನೂ ಹಸಿರಾಗಿಸಿದ ಪ್ರಕರಣಗಳು ಪಶುವೈದ್ಯರಿಗೆ ಮೊದಲಿನಿಂದ ಗೊತ್ತಿದ್ದವು.

ಕತ್ತಲಲ್ಲಿ ಹಸಿರು ಪಾಚಿ ಬದುಕುವುದು ಹೇಗೆ? ಹಲವು ಕ್ಲೋರೆಲ್ಲಾಗಳಿಗೆ ಎರಡು ಬಗೆಯ ಬದುಕು ಗೊತ್ತು. ಬೆಳಕಿದ್ದರೆ ತಾವೇ ಆಹಾರ ತಯಾರಿಸುತ್ತವೆ, ಇಲ್ಲದಿದ್ದರೆ ಸುತ್ತಲಿನ ಸಕ್ಕರೆಯನ್ನು ಹೀರಿಕೊಂಡು ಬದುಕುತ್ತವೆ. ಗಾಯದ ದ್ರವದಲ್ಲಿ ಸಕ್ಕರೆಗೆ ಕೊರತೆಯಿಲ್ಲ. ಇವನ್ನು ಪ್ರೊಟೊಥೀಕಾದಿಂದ ಬೇರ್ಪಡಿಸುವುದು ಕಷ್ಟವೇನಲ್ಲ. ತಾಜಾ ಅಂಗಾಂಶ ಮತ್ತು ತಟ್ಟೆಯ ಮೇಲಿನ ಬೆಳೆ ಹಸಿರಾಗಿರುತ್ತವೆ, ಕೋಶದೊಳಗೆ ಪಿಷ್ಟದ ಹರಳುಗಳು ತುಂಬಿರುತ್ತವೆ.

ಪೌಷ್ಟಿಕ ಆಹಾರವೆಂದು ಮಾರುವ ಕ್ಲೋರೆಲ್ಲಾ ಮಾತ್ರೆಗಳ ಬಗ್ಗೆ ಈಗ ಕೆಲವರಿಗೆ ದಿಗಿಲಾಗಬಹುದು. ಮೇಲಿನ ಪ್ರಕರಣಗಳೆಲ್ಲ ತೆರೆದ ಗಾಯಕ್ಕೆ ಜೀವಂತ ಪಾಚಿಯಿರುವ ನೀರು ತಾಗಿ ಆದವು. ಆ ಮಾತ್ರೆಗಳಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ.

ಎರವಲು ಔಷಧಗಳು

ಪಾಚಿಯನ್ನೇ ಕೊಲ್ಲಲು ಮನುಷ್ಯರಿಗೆಂದು ತಯಾರಿಸಿದ ಔಷಧ ಯಾವುದೂ ಇಲ್ಲ. ಇಷ್ಟು ವಿರಳ ಕಾಯಿಲೆಗೆ ಪ್ರತ್ಯೇಕ ಔಷಧ ಹುಡುಕಲು ಹಣ ಹೂಡುವವರು ಯಾರು? ದೊಡ್ಡ ಪ್ರಮಾಣದ ತುಲನಾತ್ಮಕ ಅಧ್ಯಯನಗಳಿಗೆ ಬೇಕಾದಷ್ಟು ರೋಗಿಗಳೂ ಸಿಗುವುದಿಲ್ಲ. ಹಾಗಾಗಿ ಚಿಕಿತ್ಸೆಯ ತಿಳಿವಳಿಕೆ ಬಂದಿರುವುದು ಬಿಡಿ ಬಿಡಿ ಪ್ರಕರಣಗಳ ಅನುಭವದಿಂದ.

ವೈದ್ಯರು ಶಿಲೀಂಧ್ರನಾಶಕಗಳನ್ನು ಎರವಲು ಪಡೆಯುತ್ತಾರೆ. ಪಾಚಿಗೆ ಅವು ನಾಟುವುದಾದರೂ ಏಕೆ? ಶಿಲೀಂಧ್ರಗಳ ಕೋಶಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಪ್ರೊಟೊಥೀಕಾದ ಪೊರೆಯಲ್ಲೂ ಇದೆ. ಮನುಷ್ಯನ ಕೋಶದಲ್ಲಿ ಆ ಜಾಗದಲ್ಲಿ ಇರುವುದು ಕೊಲೆಸ್ಟೆರಾಲ್. ಆಂಫೊಟೆರಿಸಿನ್ ಬಿ ಎಂಬ ಔಷಧ ಎರ್ಗೋಸ್ಟೆರಾಲಿಗೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಇಟ್ರಾಕೊನಜೋಲ್, ಫ್ಲೂಕೊನಜೋಲ್, ವೊರಿಕೊನಜೋಲ್‌ಗಳು ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಶಿಲೀಂಧ್ರದ ಕೋಶಭಿತ್ತಿಯ ಮೇಲೆ ಗುರಿಯಿಡುವ ಎಕಿನೊಕ್ಯಾಂಡಿನ್ ಗುಂಪಿನ ಹೊಸ ಔಷಧಗಳು ಮಾತ್ರ ಇಲ್ಲಿ ಸೋಲುತ್ತವೆ, ಏಕೆಂದರೆ ಪಾಚಿಯ ಭಿತ್ತಿಯ ರಚನೆಯೇ ಬೇರೆ. ಯೀಸ್ಟ್ ಎಂದು ತಪ್ಪಾಗಿ ಗುರುತಿಸಿದರೆ ಆಗುವ ನಷ್ಟ ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ: ಗಂಭೀರ ಕ್ಯಾಂಡಿಡಾ ಸೋಂಕಿಗೆ ಮೊದಲು ಕೊಡುವ ಔಷಧ ಎಷ್ಟೋ ಸಲ ಈ ಗುಂಪಿನದೇ ಆಗಿರುತ್ತದೆ.

ಸಣ್ಣ, ಒಂದೇ ಕಡೆ ಇರುವ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದುಹಾಕುವುದು ಒಳ್ಳೆಯ ಫಲ ಕೊಡುತ್ತದೆ. ಮೊಣಕೈಯ ಸೋಂಕಿನಲ್ಲಿ ಬರಿಯ ದ್ರವ ಬಸಿದರೆ ಸಾಮಾನ್ಯವಾಗಿ ಸಾಲದು, ಚೀಲವನ್ನೇ ತೆಗೆಯಬೇಕಾಗುತ್ತದೆ. ಚರ್ಮದಲ್ಲಿ ಅಗಲವಾಗಿ ಹರಡಿದ್ದರೆ ಮಾತ್ರೆಗಳನ್ನು ವಾರಗಳಿಂದ ತಿಂಗಳುಗಳವರೆಗೆ ನುಂಗಬೇಕು. ದೇಹವಿಡೀ ಹರಡಿದ್ದರೆ ರಕ್ತನಾಳದ ಮೂಲಕ ಆಂಫೊಟೆರಿಸಿನ್ ಬಿ. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಔಷಧವಾದ್ದರಿಂದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಲೇ ಕೊಡುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ಕೊಂದ ಔಷಧ ರೋಗಿಯ ಮೈಯಲ್ಲೂ ಹಾಗೆಯೇ ಕೆಲಸ ಮಾಡುತ್ತದೆಂಬ ಖಾತ್ರಿ ಇಲ್ಲಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೂ ವೈದ್ಯರು ಹುಣ್ಣನ್ನು ಗಮನಿಸುತ್ತ ಔಷಧ ಬದಲಿಸಬೇಕಾಗಬಹುದು. ಹುಣ್ಣು ಒಣಗಿತೆಂದು ಮಾತ್ರೆಯನ್ನು ನಡುವೆಯೇ ನಿಲ್ಲಿಸಿದವರಲ್ಲಿ ಸೋಂಕು ಮರುಕಳಿಸುವ ಸಂಭವವಿದೆ.

ಗಾಯವಾದಾಗ, ಗಾಯ ಮಾಯದಿದ್ದಾಗ

ಮಣ್ಣು, ಕೊಳಚೆ, ನಿಂತ ನೀರಿನಲ್ಲಿ ಗಾಯವಾದರೆ ಶುದ್ಧವಾದ ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆಯಬೇಕು, ಒಳಗೆ ಸಿಕ್ಕಿದ ಮರಳು, ಮುಳ್ಳು, ಕಸವನ್ನು ತೆಗೆಯಬೇಕು, ಧನುರ್ವಾಯು ಚುಚ್ಚುಮದ್ದಿನ ಅವಧಿ ಮೀರಿದೆಯೇ ನೋಡಿಕೊಳ್ಳಬೇಕು. ಪಾಚಿಯ ಕೋಶಗಳು ಬಹುಪಾಲು ಅಲ್ಲಿಗೇ ಕೊಚ್ಚಿಹೋಗುತ್ತವೆ. ತೆರೆದ ಗಾಯ, ಹೊಲಿಗೆ ಇರುವವರು ಅದು ಮಾಯುವವರೆಗೆ ಕೆರೆ, ನದಿ, ಈಜುಕೊಳಗಳಿಂದ ದೂರವಿರುವುದು ಲೇಸು. ನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ತೋಟದ ಕೆಲಸಕ್ಕೆ ಕೈಗವಸು, ಕೆಸರಿಗೆ ಬೂಟು ಹಾಕಿಕೊಳ್ಳುವುದು ಬೇರೆ ಹಲವು ಸೋಂಕುಗಳಿಂದಲೂ ಕಾಪಾಡುತ್ತದೆ.

ನೀರಿನಲ್ಲಾದ ಗಾಯ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಊದಿ, ಕೆಂಪು ವೇಗವಾಗಿ ಹಬ್ಬಿ, ಜ್ವರ, ತೀವ್ರ ನೋವು ಬಂದರೆ ಅದು ಪಾಚಿಯಲ್ಲ. ಸಿಹಿನೀರಿನ ಏರೋಮೊನಾಸ್, ಉಪ್ಪುನೀರಿನ ವಿಬ್ರಿಯೊದಂಥ ಬ್ಯಾಕ್ಟೀರಿಯಾಗಳ ಕೆಲಸವದು. ಆಗ ಒಂದು ರಾತ್ರಿಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಪಾಚಿ ಬರುವುದು ನಿಧಾನವಾಗಿ. ಅದೇ ನಿಧಾನಗತಿಯ ಇನ್ನೂ ಕೆಲವು ರೋಗಾಣುಗಳಿವೆ. ಮೀನಿನ ತೊಟ್ಟಿ ತೊಳೆಯುವವರ ಕೈಗೆ ಅಂಟುವ ಮೈಕೋಬ್ಯಾಕ್ಟೀರಿಯಾ, ಮುಳ್ಳು ಚುಚ್ಚಿದ ಕಡೆ ಬರುವ ಶಿಲೀಂಧ್ರಗಳು ಅವುಗಳಲ್ಲಿ ಕೆಲವು. ಇವೆಲ್ಲವೂ ಪಾಚಿಗಿಂತ ಸಾಮಾನ್ಯ, ಹೊರಗಿನಿಂದ ನೋಡಿದರೆ ಒಂದೇ ಥರ.

ಆದ್ದರಿಂದ ನಾಲ್ಕಾರು ವಾರವಾದರೂ ಮಾಯದ, ಮುಲಾಮು ಹಚ್ಚಿದಾಗ ತಗ್ಗಿ ಬಿಟ್ಟಾಗ ಹಿಗ್ಗುವ ಗಾಯವಿದ್ದರೆ ಮತ್ತೊಂದು ಮುಲಾಮನ್ನು ಅಂಗಡಿಯಿಂದ ತಾವೇ ತಂದು ಹಚ್ಚಬಾರದು. ಚರ್ಮವೈದ್ಯರ ಬಳಿ ಹೋದಾಗ ಗಾಯ ಯಾವಾಗ ಆಯಿತು, ಎಲ್ಲಿ ಆಯಿತು, ನೀರು ಮಣ್ಣು ತಾಗಿತ್ತೇ, ಈವರೆಗೆ ಯಾವ ಯಾವ ಮುಲಾಮು ಎಷ್ಟು ದಿನ ಹಚ್ಚಿದ್ದಾಯಿತು ಎಂಬುದನ್ನು ಕೇಳುವ ಮೊದಲೇ ಹೇಳುವುದು ಒಳ್ಳೆಯದು. ಬಯಾಪ್ಸಿ ಮಾಡುವುದಾದರೆ ಚೂರಿನ ಒಂದು ಭಾಗ ಸೂಕ್ಷ್ಮದರ್ಶಕಕ್ಕೆ, ಇನ್ನೊಂದು ಭಾಗ ಬೆಳೆಸಿ ನೋಡುವ ಪರೀಕ್ಷೆಗೆ ಹೋಗುತ್ತದೆಯೇ ಎಂದು ವಿಚಾರಿಸಬಹುದು. ಇಡೀ ಚೂರನ್ನು ಫಾರ್ಮಲಿನ್‌ನಲ್ಲಿ ಅದ್ದಿಟ್ಟರೆ ಅದರಲ್ಲಿರುವ ಜೀವಿಗಳೆಲ್ಲ ಸತ್ತುಹೋಗುತ್ತವೆ, ಆಮೇಲೆ ಯಾವ ತಟ್ಟೆಯಲ್ಲಿಟ್ಟರೂ ಏನೂ ಬೆಳೆಯುವುದಿಲ್ಲ.